ಮೊದಲ ಸಲ 1/35 ಟೈಗರ್ ಟ್ಯಾಂಕ್ ಮಾಡುವವರು ಯಾವ ಕಿಟ್ ಕೊಳ್ಳಬೇಕು?

ವಿಮಾನದ ಒಂದೆರಡು ಸಣ್ಣ ಕಿಟ್ ಮುಗಿಸಿದ್ದೀರಿ, ಈಗ 1/35 ಅಳತೆಯ ಜರ್ಮನ್ ಟೈಗರ್ ಬೇಕು. ಒಳಭಾಗವೆಲ್ಲ ಇರುವ ದೊಡ್ಡ ಕಿಟ್ ತರಿಸುವುದೋ, ಜಪಾನಿನ ತಮಿಯಾ ಕಂಪನಿಯದ್ದೇ ಸಾಕೋ, ಇಲ್ಲಾ ಅಗ್ಗಕ್ಕೆ ಸಿಗುವ ಹಳೇ ಕಿಟ್ ತಗೊಂಡರೂ ನಡೆಯುತ್ತದೋ ಎಂದು ಕೇಳಿದ್ದೀರಿ. ನನ್ನ ಉತ್ತರ ತಮಿಯಾ 35216, ಟೈಗರ್ 1 ಅರ್ಲಿ ಪ್ರೊಡಕ್ಷನ್. ಆದರೆ ನಂಬರ್ ನೋಡಿ ಆರ್ಡರ್ ಮಾಡಿಬಿಡಬೇಡಿ. ಯಾವ ಕಂಪನಿ ಅನ್ನುವುದಕ್ಕಿಂತ ಮೊದಲು ಗಾಲಿ ಮತ್ತು ಟ್ರ್ಯಾಕ್ ಎಂಥವು ಎಂದು ನೋಡಬೇಕು. ಟೈಗರ್ ಕೆಲಸದ ಅರ್ಧ ಹೊತ್ತು ಅಲ್ಲೇ ಹೋಗುತ್ತದೆ.

ಟೈಗರ್ 1 ತಯಾರಾದದ್ದು 1942ರ ಆಗಸ್ಟ್‌ನಿಂದ 1944ರ ಆಗಸ್ಟ್‌ವರೆಗೆ, ಸುಮಾರು 1,350 ಟ್ಯಾಂಕ್, ಕಾಸೆಲ್‌ನ ಹೆನ್‌ಶೆಲ್ ಕಾರ್ಖಾನೆಯಲ್ಲಿ. ಈ ಎರಡು ವರ್ಷದಲ್ಲಿ ಅದರ ರೂಪ ಬದಲಾಗುತ್ತಲೇ ಹೋಯಿತು. ಮೊದಮೊದಲಿನವಕ್ಕೆ ಟರೆಟ್ (ತೋಪಿರುವ ತಿರುಗುವ ಭಾಗ) ಮೇಲೆ ಡ್ರಮ್ಮಿನಂಥ ಎತ್ತರದ ಕ್ಯುಪೋಲಾ (ಕಮಾಂಡರ್ ಹೊರಗೆ ನೋಡುವ ಗೂಡು), ಹಿಂಭಾಗದಲ್ಲಿ ಫೈಫೆಲ್ ಏರ್ ಫಿಲ್ಟರ್. 1943ರ ಜುಲೈನಿಂದ ಪೆರಿಸ್ಕೋಪ್‌ಗಳಿದ್ದ ತಗ್ಗಾದ ಹೊಸ ಕ್ಯುಪೋಲಾ. ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಮೈಮೇಲೆ ಝಿಮ್ಮರಿಟ್ ಎಂಬ ಗೆರೆಗೆರೆಯ ದಪ್ಪ ಲೇಪ. 1944ರ ಫೆಬ್ರವರಿಯಿಂದ ಉಕ್ಕಿನ ಅಂಚಿನ ಗಾಲಿ. ಬಾಕ್ಸ್ ಮೇಲಿನ ಇನಿಷಿಯಲ್, ಅರ್ಲಿ, ಮಿಡ್, ಲೇಟ್ ಎಂಬ ಮಾತುಗಳ ಹಿಂದೆ ಇರುವುದು ಇಷ್ಟೇ. ರಷ್ಯಾದ ಕರ್ಸ್ಕ್ ಕದನದ ಟೈಗರ್ ಬೇಕೆಂದರೆ, ಅಂದರೆ 1943ರ ಜುಲೈ, ಅರ್ಲಿ ತಗೊಳ್ಳಿ. ನಾರ್ಮಂಡಿ ಬೇಕೆಂದರೆ ಮಿಡ್ ಅಥವಾ ಲೇಟ್. ಟ್ಯುನೀಸಿಯಾ ಆದರೆ ಇನಿಷಿಯಲ್. ಇಂಗ್ಲೆಂಡಿನ ಬೋವಿಂಗ್ಟನ್ ಮ್ಯೂಸಿಯಂನಲ್ಲಿ ಇವತ್ತಿಗೂ ಓಡುವ ಸ್ಥಿತಿಯಲ್ಲಿರುವ ಟೈಗರ್ 131 ಅನ್ನು ಬ್ರಿಟಿಷರು ಹಿಡಿದದ್ದು ಟ್ಯುನೀಸಿಯಾದಲ್ಲೇ, 1943ರ ಏಪ್ರಿಲ್‌ನಲ್ಲಿ. ಕಣ್ಣಮುಂದೆ ಫೋಟೋ ಇಟ್ಟುಕೊಂಡು ಮಾಡುವವರಿಗೆ ಅದರಷ್ಟು ಚೆನ್ನಾಗಿ ಎಲ್ಲ ಕಡೆಯಿಂದ ಫೋಟೋ ತೆಗೆಸಿಕೊಂಡ ಟೈಗರ್ ಇನ್ನೊಂದಿಲ್ಲ.

ಈಗ ಗಾಲಿಗೆ ಬರೋಣ. ರಬ್ಬರ್ ಅಂಚಿನ ಟೈಗರ್‌ಗೆ ಒಂದು ಪಕ್ಕಕ್ಕೆ ಎಂಟು ಆಕ್ಸಲ್, ಒಂದೊಂದಕ್ಕೆ ಮೂರು ಗಾಲಿ. ಎರಡೂ ಪಕ್ಕ ಸೇರಿ 48. ಅವು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಜೋಡಿಸಿದ ಮೇಲೆ ಒಳಸಾಲಿಗೆ ಬ್ರಷ್ ಹೋಗುವುದಿಲ್ಲ. ಒಂದೊಂದರ ಅಂಚನ್ನೂ ಕಳಚಿದ ಸ್ಥಿತಿಯಲ್ಲೇ ಬಳಿಯಬೇಕು. ಉಕ್ಕಿನ ಗಾಲಿಯ ಲೇಟ್ ಟೈಗರ್‌ನಲ್ಲಿ ಆಕ್ಸಲ್‌ಗೆ ಎರಡೇ, ಒಟ್ಟು 32, ಹೊರಗೆ ರಬ್ಬರ್ ಇಲ್ಲವೇ ಇಲ್ಲ. ಹಾಗಾದರೆ ಲೇಟ್ ಸುಲಭ ಅನ್ನಿಸುತ್ತದೆ, ಆದರೆ ಅದಕ್ಕೆ ಝಿಮ್ಮರಿಟ್ ಬೇಕು. ತಮಿಯಾದ ಲೇಟ್ ಕಿಟ್ 35146ರ ಮೈ ನುಣುಪಾಗಿದೆ, ಲೇಪದ ಗೆರೆ ಅಚ್ಚಿನಲ್ಲಿ ಇಲ್ಲ. ಹಾಗೇ ಬಣ್ಣ ಹೊಡೆದರೆ ತಿಳಿದವರು ಮೊದಲು ಕೇಳುವುದೇ ಅದನ್ನು. ಗಾಲಿ ಬಳಿಯುವುದು ಬೇಸರದ ಕೆಲಸ, ಆದರೆ ಕೆಡುವಂಥದ್ದಲ್ಲ. ಝಿಮ್ಮರಿಟ್ ಕೆಡುತ್ತದೆ. ಮೊದಲ ಟೈಗರ್‌ಗೆ ಅರ್ಲಿ ಅಂದದ್ದು ಅದಕ್ಕೇ.

ಲೇಟ್ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ಝಿಮ್ಮರಿಟ್ ಇದ್ದದ್ದು ಅಯಸ್ಕಾಂತದ ಮೈನ್ ಅಂಟದಿರಲಿ ಎಂದು, ಹಾಗಾಗಿ ಸೈನಿಕನ ಕೈಗೆ ಎಟುಕುವ ನಿಂತ ಮೈಗಳಿಗೆ ಮಾತ್ರ ಹಾಕಿ, ಟರೆಟ್ ತಾರಸಿಗೆ, ಗಾಲಿಗೆ ಬೇಡ. ಅಂಟಿಸುವ ರೆಡಿ ಶೀಟ್ ಎಲ್ಲಕ್ಕಿಂತ ಸುಲಭ. ಎಪಾಕ್ಸಿ ಪುಟ್ಟಿಯಲ್ಲಿ ಮಾಡುವುದಾದರೆ ಅರ್ಧ ಮಿಲಿಮೀಟರ್‌ಗಿಂತ ತೆಳುವಾಗಿ ಹರಡಿ, ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು, ನೀರಲ್ಲಿ ಅದ್ದಿದ ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಅಡ್ಡಗೆರೆ ಒತ್ತುತ್ತಾ ಹೋಗಿ. ದಪ್ಪ ಆದರೆ ಕೊಕ್ಕೆ, ಹಿಡಿಕೆ, ಬೋಲ್ಟುಗಳೆಲ್ಲ ಹೂತುಹೋಗುತ್ತವೆ.

ಟ್ರ್ಯಾಕ್ ಮೂರು ಬಗೆ. 35216ರಲ್ಲಿ ಬರುವುದು ಬೆಲ್ಟಿನಂಥ ಮೆತ್ತನೆಯ ವಿನೈಲ್ ಟ್ರ್ಯಾಕ್. ಸುತ್ತಿ ತುದಿ ಸೇರಿಸಿದರೆ ಮುಗಿಯಿತು, ಆದರೆ ಬಿಗಿಯಾಗಿ ನಿಂತುಬಿಡುತ್ತದೆ. ನಿಜವಾದ ಟೈಗರ್‌ನ ಟ್ರ್ಯಾಕ್ ಭಾರಕ್ಕೆ ಜೋತು ಗಾಲಿಗಳ ತಲೆಯ ಮೇಲೆ ಕೂರುತ್ತದೆ. ಇದಕ್ಕೆ ಉಪಾಯ ಇದೆ: ಗಾಲಿ ಮೇಲೆ ಟ್ರ್ಯಾಕ್ ತಾಕಬೇಕಾದ ಕಡೆ ಸೂಪರ್ ಗ್ಲೂ ಒಂದೊಂದು ಹನಿ ಇಟ್ಟು, ಟ್ರ್ಯಾಕ್ ಮತ್ತು ಫೆಂಡರ್ ನಡುವೆ ಸ್ಪಂಜಿನ ಚೂರು ತುರುಕಿ ಒತ್ತಿಟ್ಟು, ಒಣಗಿದ ಮೇಲೆ ತೆಗೆಯುವುದು. ಎರಡನೆಯದು ಉದ್ದದ ತುಂಡು ಮತ್ತು ಬಿಡಿ ಲಿಂಕ್ ಬೆರೆಸಿದ್ದು. ಜೋಲು ಅಚ್ಚಿನಲ್ಲೇ ಬಂದಿರುತ್ತದೆ, ಹೊಸಬರಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಮೂರನೆಯದು ಪೂರ್ತಿ ಬಿಡಿ ಲಿಂಕ್, ಪಕ್ಕಕ್ಕೆ 96, ಒಟ್ಟು 192. ಪ್ರತಿಯೊಂದನ್ನೂ ಸ್ಪ್ರೂನಿಂದ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಕತ್ತರಿಸಿ, ಕತ್ತರಿಸಿದ ಮೂರು ನಾಲ್ಕು ಜಾಗ ಉಜ್ಜಬೇಕು. ಒಳಮೈಯಲ್ಲಿ ಎಜೆಕ್ಟರ್ ಪಿನ್ನಿನ ದುಂಡು ಗುರುತಿದ್ದರೆ ಅದನ್ನೂ ತೆಗೆಯಬೇಕು. ಅರ್ಧಕ್ಕೆ ನಿಂತ ಟೈಗರ್‌ಗಳಲ್ಲಿ ಬಹುಪಾಲು ಈ ಹಂತದಲ್ಲೇ ಮತ್ತೆ ಬಾಕ್ಸ್ ಸೇರಿರುತ್ತವೆ.

ಇನ್ನು ಕೆಳಗಿನ ಹಲ್, ಅಂದರೆ ಟ್ಯಾಂಕಿನ ಒಡಲು. ಅದು ಒಂದೇ ತೊಟ್ಟಿಯಾಗಿ ಅಚ್ಚಾಗಿದೆಯೋ, ಬಿಡಿ ಹಲಗೆಗಳನ್ನು ಜೋಡಿಸಬೇಕೋ ಎಂದು ಕೊಳ್ಳುವ ಮೊದಲೇ ಸ್ಪ್ರೂ ಫೋಟೋದಲ್ಲಿ ನೋಡಿಕೊಳ್ಳಿ. ತೊಟ್ಟಿಯಾದರೆ ಮೂಲೆಮಟ್ಟದ ಚಿಂತೆ ಇಲ್ಲ. ಹಲಗೆಯಾದರೆ ಕೂದಲೆಳೆಯಷ್ಟು ಓರೆಯಾದರೂ ಕೊನೆಗೆ ಒಂದು ಮೂಲೆಯ ಗಾಲಿ ನೆಲ ಮುಟ್ಟುವುದಿಲ್ಲ. ಎರಡರಲ್ಲೂ ಸಸ್ಪೆನ್ಷನ್ ತೋಳು ಬಿಡಿಯಾಗಿದ್ದರೆ ಹದಿನಾರನ್ನೂ ಒಂದೇ ಸಲ ಅಂಟಿಸಿ, ಅಂಟು ಮೆತ್ತಗಿರುವಾಗಲೇ ಒಳಸಾಲಿನ ಗಾಲಿ ಸುಮ್ಮನೆ ತೊಡಿಸಿ, ಗಾಜಿನ ಮೇಲಿಟ್ಟು, ಒಳಗೆ ಸ್ವಲ್ಪ ತೂಕ ಹಾಕಿ ರಾತ್ರಿಯಿಡೀ ಬಿಡಿ. ಹೊರಸಾಲು ತೊಡಿಸುವ ಮುಂಚೆಯೇ ಒಳಗಿನ ಗಾಲಿಗೆ ಕೆಸರಿನ ಬಣ್ಣವನ್ನೂ ಮುಗಿಸಿ. ರಷ್ಯಾದ ಚಳಿಯಲ್ಲಿ ಈ ಗಾಲಿಗಳ ಸಂದಿಯಲ್ಲಿ ಕೆಸರು ಹೆಪ್ಪುಗಟ್ಟಿ ಗಾಲಿಯೇ ತಿರುಗದಂತಾಗುತ್ತಿತ್ತು. ಕೊಳಕು ಇರಬೇಕಾದ ಜಾಗ ಅದೇ.

ಒಳಭಾಗದ ಕಿಟ್ ಬಗ್ಗೆ. ರೈ ಫೀಲ್ಡ್ ಮಾಡೆಲ್‌ನವರ ಫುಲ್ ಇಂಟೀರಿಯರ್ ಟೈಗರ್ ನಿಜಕ್ಕೂ ಅದ್ಭುತ: ಎಂಜಿನ್, ಗೇರ್‌ಬಾಕ್ಸ್, ಗುಂಡು ಇಡುವ ಗೂಡು, ಎಲ್ಲ ಇದೆ. ಒಂದು ಟೈಗರ್‌ನಲ್ಲಿ 92 ಗುಂಡು ಹಿಡಿಯುತ್ತಿತ್ತು, ಗೂಡು ತುಂಬಿಸಿ ಬಣ್ಣ ಬಳಿಯುವಾಗ ಆ ಲೆಕ್ಕ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಒಳಗೆ ಮೇಲ್ಭಾಗಕ್ಕೆ ದಂತದ ಬಣ್ಣ, ನೆಲಕ್ಕೆ ಕೆಂಪು ಪ್ರೈಮರ್, ಎರಡೂ ಕಡೆ ಮಾಸ್ಕಿಂಗ್. ಇಷ್ಟೆಲ್ಲ ಮಾಡಿ ಮೇಲಿನ ತಟ್ಟೆ ಅಂಟಿಸಿದರೆ ಹ್ಯಾಚ್‌ನ ಕಿಂಡಿಯಲ್ಲಿ ಸೀಟಿನ ಒಂದು ಮೂಲೆ ಕಾಣುತ್ತದೆ. ಅಂಟಿಸದೆ ಬಿಟ್ಟರೆ ಸಂದು ಕೂಡುವುದಿಲ್ಲ, ಏಕೆಂದರೆ ಒಳಗಿನ ಯಾವುದೋ ಭಾಗಕ್ಕೆ ಬಣ್ಣ ದಪ್ಪವಾಗಿ ಅದು ಮೇಲಿನ ತಟ್ಟೆಗೆ ತಾಗುತ್ತಿರುತ್ತದೆ. ಮೂರನೇ ನಾಲ್ಕನೇ ಟ್ಯಾಂಕಿಗೆ ಇಟ್ಟುಕೊಳ್ಳಿ.

ಅಗ್ಗದ ಹಳೇ ಕಿಟ್‌ಗೆ ನನ್ನ ಮತ ಇಲ್ಲ. 1/35 ಎಂಬ ವಿಚಿತ್ರ ಅಳತೆಯೇ ಹುಟ್ಟಿದ್ದು ತಮಿಯಾದವರು 1960ರ ದಶಕದ ಆರಂಭದಲ್ಲಿ ಮೋಟರಿನ ಪ್ಯಾಂಥರ್ ಮಾಡುವಾಗ ಹೊಟ್ಟೆಯೊಳಗೆ ಬ್ಯಾಟರಿ ಹಿಡಿಸಬೇಕಾಗಿದ್ದರಿಂದ. ಆ ಕಾಲದ ಅಚ್ಚುಗಳಲ್ಲಿ ಹಲ್‌ನ ತಳದಲ್ಲಿ ಸ್ವಿಚ್ಚಿನ ತೂತು, ಮೋಟರಿಗಾಗಿ ಹಿಗ್ಗಿಸಿದ ಅಳತೆ ಉಳಿದಿರುತ್ತವೆ. ಬಾಕ್ಸ್ ಹೊಸದಾಗಿದ್ದರೂ ಅಚ್ಚು ಐವತ್ತು ವರ್ಷದ ಹಿಂದಿನದಿರಬಹುದು. ಸ್ಕೇಲ್‌ಮೇಟ್ಸ್ ತಾಣದಲ್ಲಿ ಕಿಟ್ ನಂಬರ್ ಹಾಕಿದರೆ ಅಚ್ಚು ಯಾವ ವರ್ಷದ್ದು, ಯಾರ ಕಿಟ್ ಯಾರ ಬಾಕ್ಸಿನಲ್ಲಿದೆ ಎಂಬುದು ತಿಳಿಯುತ್ತದೆ. ದುಡ್ಡು ಉಳಿಸಲೇಬೇಕೆಂದರೆ ರಷ್ಯಾದ ಜ್ವೆಜ್ದಾ ಕಂಪನಿಯ 3646 ನೋಡಿ, ಅದೂ ಕರ್ಸ್ಕ್ ಕಾಲದ ಟೈಗರ್.

ಶೋಕೇಸಿನ ಅಳತೆಯೂ ಮುಖ್ಯ. ಕೊಳವೆ ಸೇರಿ 8.45 ಮೀಟರ್ ಉದ್ದದ ಟೈಗರ್ 1/35ರಲ್ಲಿ 24 ಸೆಂ.ಮೀ., 1/48ರಲ್ಲಿ ಹದಿನೇಳೂವರೆ, 1/72ರಲ್ಲಿ 12ಕ್ಕೂ ಕಡಿಮೆ. ತಮಿಯಾದ 1/48 ಟೈಗರ್‌ಗೆ ಕೆಳ ಹಲ್ ಲೋಹದ್ದು, ಅದಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು. ಟೈಗರೇ ಆಗಬೇಕೆಂಬ ಹಟ ಇಲ್ಲದಿದ್ದರೆ ತಮಿಯಾ 35374, ಪಾಂಜರ್ 4 ಎಫ್, ಇನ್ನೂ ಹಿತ. ಪಕ್ಕಕ್ಕೆ ಎಂಟೇ ಗಾಲಿ ಜಾಗ, ಹೆಣಿಗೆ ಇಲ್ಲ.

ಪ್ಲಾಸ್ಟಿಕ್ ಭಾಗಗಳನ್ನು ಜೋಡಿಸಲು ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಬೇಡ. ಅದು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಹೊಗೆ ಕೂರಿಸುತ್ತದೆ, ತಟ್ಟಿದರೆ ಬಿಡುತ್ತದೆ, ಸರಿಹೊಂದಿಸಲು ಸಮಯವನ್ನೂ ಕೊಡುವುದಿಲ್ಲ. ತಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟ್ ಎರಡು ಮೈಗಳನ್ನು ಕರಗಿಸಿ ಒಂದು ಮಾಡುತ್ತದೆ: ಸಂದು ಕೂಡಿಸಿ ಹಿಡಿದು ಬ್ರಷ್ ತುದಿ ತಾಗಿಸಿದರೆ ತಾನೇ ಒಳಗೆ ಹರಿಯುತ್ತದೆ. ಕರ್ಸ್ಕ್ ಟೈಗರ್‌ಗೆ ತಳಬಣ್ಣ ಎಕ್ಸ್‌ಎಫ್-60 ಡಾರ್ಕ್ ಯೆಲ್ಲೋ, ರಬ್ಬರ್‌ಗೆ ಎಕ್ಸ್‌ಎಫ್-85. ಡೀಕಲ್‌ಗೆ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಚೀಟಿ) ಮೊದಲು ಹೊಳಪಿನ ವಾರ್ನಿಷ್ ಹೊಡೆಯಿರಿ. ಮ್ಯಾಟ್ ಮೈಯ ಒರಟಿನಲ್ಲಿ ಗಾಳಿ ಸಿಕ್ಕಿಕೊಂಡು ಡೀಕಲ್ ಸುತ್ತ ಬೆಳ್ಳಗೆ ಹೊಳೆಯುತ್ತದೆ. ಮಳೆಗಾಲದಲ್ಲಿ ಮಂಗಳೂರಿನಂಥ ಕಡೆ ಲ್ಯಾಕರ್ ಹೊಡೆದರೆ ತೇವಕ್ಕೆ ಮೈ ಬಿಳಿಚುತ್ತದೆ, ಒಣ ದಿನಕ್ಕೆ ಕಾಯಿರಿ. ಬಣ್ಣ ಮತ್ತು ಥಿನ್ನರನ್ನು ಹೊರದೇಶದಿಂದ ಕಿಟ್ ಜೊತೆ ತರಿಸಲು ಹೋಗಬೇಡಿ. ಬೆಂಕಿ ಹತ್ತುವ ದ್ರಾವಣವನ್ನು ವಿಮಾನದಲ್ಲಿ ಕಳಿಸಲು ಬಹಳಷ್ಟು ಅಂಗಡಿಗಳು ಒಪ್ಪುವುದಿಲ್ಲ. ಇಲ್ಲೇ ಸಿಗುವ ಬ್ರ್ಯಾಂಡ್ ಯಾವುದೆಂದು ನೋಡಿ ಆಮೇಲೆ ಕಿಟ್ ಆರ್ಡರ್ ಮಾಡಿ.

ಬಾಕ್ಸ್ ಬಂದ ದಿನವೇ ಸ್ಪ್ರೂಗಳನ್ನು ಸೂಚನಾಪತ್ರದ ಭಾಗಪಟ್ಟಿಗೆ ತಾಳೆ ನೋಡಿ. ಹಲ್ ಗಾಜಿನ ಮೇಲಿಟ್ಟು ಸೊಟ್ಟ ಇದೆಯೇ ಪರೀಕ್ಷಿಸಿ. ಬದಲಿಸಿಕೊಡಿ ಎಂದು ಕೇಳಲು ಸ್ಪ್ರೂ ಕತ್ತರಿಸದೇ ಇರಬೇಕು.