ಟ್ಯಾಲಿಯಲ್ಲಿ ಬಿಲ್ ಮಾಯವಾದರೆ

ಪ್ರಶ್ನೆ: ಲೆಕ್ಕದ ತಂತ್ರಾಂಶ ಟ್ಯಾಲಿಪ್ರೈಮ್‌ನಲ್ಲಿ 214ನೇ ಮಾರಾಟದ ಬಿಲ್ ಕಾಣುತ್ತಿಲ್ಲ. ಆ ನಂಬರಿನಲ್ಲಿ ಈಗ ಬೇರೆ ಗಿರಾಕಿಯ ಬಿಲ್ ಇದೆ. ಯಾರು ಅಳಿಸಿದ್ದು ಎಂದು ತಿಳಿಯಬಹುದೇ? ಮರಳಿ ಪಡೆಯಬಹುದೇ?

ಉತ್ತರ: ಅಳಿಸಿದ್ದಾರೆ ಎಂದು ಈಗಲೇ ತೀರ್ಮಾನಿಸಬೇಡಿ. ಕಾಣದ ಬಿಲ್ ಯಾರದೋ ಆ ಗಿರಾಕಿಯ ಲೆಡ್ಜರ್ (ಖಾತೆ) ತೆರೆದು, ಆಲ್ಟ್+ಎಫ್2 ಒತ್ತಿ ಇಡೀ ವರ್ಷದ ಅವಧಿ ಕೊಟ್ಟು ನೋಡಿ. ಬಿಲ್ಲಿನ ತಾರೀಖು ಬದಲಾಗಿದ್ದರೂ ನಂಬರು ಹೀಗೆಯೇ ಸರಿಯುತ್ತದೆ. ವರದಿಯಲ್ಲಿ ಕಂಟ್ರೋಲ್+ಆರ್ ಒತ್ತಿದರೆ ಸಾಲು ಮರೆಯಾಗುತ್ತದೆ, ಅಷ್ಟೇ. ಆಲ್ಟ್+ಯು ಒತ್ತಿದರೆ ಮರಳಿ ಬರುತ್ತದೆ.

ಅಲ್ಲೂ ಇಲ್ಲದಿದ್ದರೆ ಆಲ್ಟ್+ಡಿ ಒತ್ತಿ ಅಳಿಸಿರಬೇಕು. ನಂಬರಿಂಗ್ ಆಟೊಮ್ಯಾಟಿಕ್ ಆಗಿದ್ದು, ಅಳಿಸಿದಾಗ ಹೊಸದಾಗಿ ನಂಬರು ಕೊಡುವಂತೆ ಇಟ್ಟಿದ್ದರೆ, 215 ಇದ್ದದ್ದು 214 ಆಗುತ್ತದೆ, 216 ಇದ್ದದ್ದು 215. ಕಳೆದುಹೋದ ಒಂದು ಬಿಲ್ಲಿಗಿಂತ ದೊಡ್ಡ ತೊಂದರೆ ಇದು: ಗಿರಾಕಿಯ ಕೈಯಲ್ಲಿರುವ ಕಾಗದದಲ್ಲಿ 215, ನಿಮ್ಮ ಪುಸ್ತಕದಲ್ಲಿ 214. ಸಲ್ಲಿಸಿದ ಜಿಎಸ್‌ಟಿಆರ್-1ರ (ಮಾರಾಟದ ಬಿಲ್‌ಗಳ ಜಿಎಸ್‌ಟಿ ರಿಟರ್ನ್) ಜೊತೆ ನಂಬರುಗಳನ್ನು ಒಂದೊಂದಾಗಿ ತಾಳೆ ನೋಡಿ.

ಯಾರು ಅಳಿಸಿದರೆಂಬುದು ಎಡಿಟ್ ಲಾಗ್‌ನಲ್ಲಿ, ಅಂದರೆ ತಿದ್ದಿದ್ದು ಅಳಿಸಿದ್ದರ ದಾಖಲೆಯಲ್ಲಿ, ಸಿಗುತ್ತದೆ. ಆಲ್ಟ್+ಜಿ ಒತ್ತಿ, ಎಡಿಟ್ ಲಾಗ್ ಎಂದು ಟೈಪ್ ಮಾಡಿ ವರದಿ ತೆರೆಯಿರಿ. ಆದರೆ ಮಾಮೂಲಿ ಟ್ಯಾಲಿಪ್ರೈಮ್‌ನಲ್ಲಿ ಎಫ್11ರಲ್ಲಿ (ಕಂಪನಿಯ ಸೆಟ್ಟಿಂಗ್) ಅದನ್ನು ಆನ್ ಮಾಡಿದ ಮೇಲಿನದ್ದು ಮಾತ್ರ ದಾಖಲಾಗುತ್ತದೆ. ಎಲ್ಲರೂ ಒಂದೇ ಲಾಗಿನ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಹೆಸರು ಸಿಕ್ಕಿಯೂ ಉಪಯೋಗವಿಲ್ಲ. ಆಲ್ಟ್+ಕೆ ಒತ್ತಿ, ಪ್ರತಿಯೊಬ್ಬರಿಗೂ ಬೇರೆ ಯೂಸರ್, ಬೇರೆ ಪಾಸ್‌ವರ್ಡ್ ಕೊಡಿ.

ಮರಳಿ ಪಡೆಯಲು ಹಳೆಯ ಬ್ಯಾಕಪ್ ಬೇಕು. ಆತುರದಲ್ಲಿ ಅದನ್ನು ಈಗಿನ ಡೇಟಾದ ಮೇಲೆಯೇ ರಿಸ್ಟೋರ್ ಮಾಡಬೇಡಿ, ಬ್ಯಾಕಪ್ ನಂತರದ ನಮೂದುಗಳೆಲ್ಲ ಹೋಗಿಬಿಡುತ್ತವೆ. ಮೊದಲು ಇಂದಿನ ಬ್ಯಾಕಪ್ ತೆಗೆಯಿರಿ. ಆಮೇಲೆ ಆಲ್ಟ್+ವೈಯಲ್ಲಿ ಹಳೆಯದನ್ನು ಬೇರೊಂದು ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ ತೆರೆಯಿರಿ. ಒಂದೇ ಬಿಲ್ ಆದರೆ ಅದನ್ನು ನೋಡಿಕೊಂಡು ಕೈಯಿಂದಲೇ ನಮೂದಿಸುವುದು ಕ್ಷೇಮ. ಅದೇ ತಾರೀಖು, ಅದೇ ಮೊತ್ತ, ಅದೇ ತೆರಿಗೆ ದರ ಇರಲಿ.

ಮುಂದಕ್ಕೆ ವೋಚರ್ ಟೈಪ್‌ನಲ್ಲಿ (ಮಾರಾಟ, ಖರೀದಿಯಂಥ ನಮೂದಿನ ಬಗೆಯ ಸೆಟ್ಟಿಂಗ್) ಮೂಲ ನಂಬರು ಉಳಿಸಿಕೊಳ್ಳುವ ಆಯ್ಕೆ ಇಡಿ, ಇದು 3.0 ಆವೃತ್ತಿಯಿಂದ ಇದೆ. ತಪ್ಪಾದ ಬಿಲ್ಲನ್ನು ಅಳಿಸದೆ ಆಲ್ಟ್+ಎಕ್ಸ್ ಒತ್ತಿ ಕ್ಯಾನ್ಸಲ್ ಮಾಡಿ. ಮೊತ್ತ ಹೋಗುತ್ತದೆ, ನಂಬರು ಉಳಿಯುತ್ತದೆ.

ಪ್ರಶ್ನೆ: ನಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ. ಎಡಿಟ್ ಲಾಗ್ ಇಲ್ಲದೆ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. 1 ಏಪ್ರಿಲ್ 2023ರಿಂದ, ಕಂಪನಿಗಳ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯನ್ನೂ ತಾರೀಖಿನೊಂದಿಗೆ ದಾಖಲಿಸಬೇಕು, ಆ ದಾಖಲೆಯನ್ನು ಆಫ್ ಮಾಡಲು ಬರಬಾರದು. ಲೆಕ್ಕಪರಿಶೋಧಕರು ಇದರ ಬಗ್ಗೆ ತಮ್ಮ ವರದಿಯಲ್ಲಿ ಬರೆಯಲೇಬೇಕು. ಹಾಗಾಗಿ ಎಫ್11ರಲ್ಲಿ ಆಫ್ ಮಾಡಬಹುದಾದ ಮಾಮೂಲಿ ಆವೃತ್ತಿ ಬಿಟ್ಟು, ಟ್ಯಾಲಿಪ್ರೈಮ್ ಎಡಿಟ್ ಲಾಗ್ ಎಂಬ ಪ್ರತ್ಯೇಕ ಆವೃತ್ತಿಯನ್ನೇ ಬಳಸಿ. ಲೆಕ್ಕದ ಪುಸ್ತಕಗಳನ್ನು 8 ವರ್ಷ ಕಾಪಾಡಬೇಕು, ಬ್ಯಾಕಪ್ ಡ್ರೈವ್ ಕೊಳ್ಳುವಾಗ ಅದು ನೆನಪಿರಲಿ. ಒಬ್ಬರೇ ಮಾಲೀಕರ ಅಂಗಡಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೂ ಅವರು ಲಾಗ್ ಆನ್ ಇಡುವುದು ಒಳ್ಳೆಯದು.