ಜೈಲಿನಿಂದ ಬಂದ ಮೇಲೆ ಚಿದಂಬರಂ ಪಿಳ್ಳೈ ಮತ್ತೆ ವಕೀಲಿಕೆ ಮಾಡಿದರಾ?

ತಮಿಳುನಾಡಿನ ಸ್ವಾತಂತ್ರ್ಯ ಹೋರಾಟಗಾರ, ವಕೀಲ ವ.ಉ. ಚಿದಂಬರಂ ಪಿಳ್ಳೈ ಬಿಡುಗಡೆಯಾದ ಮೇಲೆ ಕೋರ್ಟಿಗೆ ಮರಳಿದರಾ ಅಂತ ಕೇಳಿದ್ದೀರಿ. ಹೌದು, ಮರಳಿದರು. ಆದರೆ ಹಲವು ವರ್ಷ ಕಾಯಬೇಕಾಯಿತು.

1906ರಲ್ಲಿ ತೂತ್ತುಕುಡಿಯಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿ, ಕೊಲಂಬೊ ದಾರಿಯಲ್ಲಿ ಬ್ರಿಟಿಷ್ ಕಂಪನಿಯ ಜೊತೆ ನೇರ ಪೈಪೋಟಿಗೆ ಇಳಿದವರು ಅವರು. ಅದಕ್ಕೇ ಸರ್ಕಾರಕ್ಕೆ ಅಷ್ಟು ಸಿಟ್ಟು ಅಂತ ನನಗೆ ಅನಿಸುತ್ತದೆ, ಬರೀ ಭಾಷಣಕ್ಕಲ್ಲ. 1908ರಲ್ಲಿ ರಾಜದ್ರೋಹದ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಕೊಟ್ಟರು, ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ಕೊಯಮತ್ತೂರು ಜೈಲಿನಲ್ಲಿ ಎತ್ತಿನ ಬದಲು ಅವರನ್ನೇ ಗಾಣಕ್ಕೆ ಕಟ್ಟಿದರು. ಎಂಥ ಕ್ರೌರ್ಯ ಅಲ್ವಾ?

1912ರ ಕೊನೆಯಲ್ಲಿ ಹೊರಬಂದಾಗ ಕಂಪನಿ ಮುಳುಗಿತ್ತು, ವಕೀಲಿಕೆಯ ಸನ್ನದು ರದ್ದಾಗಿತ್ತು, ಕೈಯಲ್ಲಿ ಕಾಸಿರಲಿಲ್ಲ. ಮದ್ರಾಸಿನಲ್ಲಿ ಬಹಳ ಕಷ್ಟದಲ್ಲಿ ಸಂಸಾರ ನಡೆಸಿದರು. ಆಮೇಲೆ ವಾಲೆಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರ ನೆರವಿನಿಂದ ಸನ್ನದು ವಾಪಸ್ ಸಿಕ್ಕಿತು. ಆ ಉಪಕಾರ ನೆನೆದು ಮಗನಿಗೆ ವಾಲೇಶ್ವರನ್ ಅಂತ ಹೆಸರಿಟ್ಟರು! ತನ್ನನ್ನು ಗಾಣಕ್ಕೆ ಕಟ್ಟಿದ ಆಳ್ವಿಕೆಯವರಲ್ಲೂ ಒಬ್ಬ ಒಳ್ಳೆಯವನನ್ನು ಗುರುತಿಸಿದ ಆ ಮನಸ್ಸು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಆಮೇಲೆ ಕೋವಿಲ್‌ಪಟ್ಟಿಯಲ್ಲಿ ವಕೀಲಿಕೆ ಮಾಡಿದರು. 1936ರಲ್ಲಿ ತೂತ್ತುಕುಡಿಯಲ್ಲಿ ತೀರಿಕೊಂಡರು.