ಹೊಳೆ ಬಂದುಹೋದ ಹೋಟೆಲ್‌ಗಳ ಫೋಟೊ ಪ್ರದರ್ಶನ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಕಂಪ್ಲಿಯವನು, ಕೆಲಸ ಬಳ್ಳಾರಿಯಲ್ಲಿ. 2019ರ ಪ್ರವಾಹದಿಂದ ಈಚೆಗೆ ತುಂಗಭದ್ರಾ ದಂಡೆಯ ಚಹಾ ಹೋಟೆಲ್, ಖಾನಾವಳಿ, ಮಿರ್ಚಿ-ಒಗ್ಗರಣಿ ಅಂಗಡಿಗಳ ಫೋಟೊ ತೆಗೆಯುತ್ತಾ ಬಂದಿದ್ದೇನೆ. ನೀರು ಹೊಕ್ಕಾಗ, ಇಳಿದ ಮೇಲೆ, ಮತ್ತೆ ಒಲೆ ಹಚ್ಚಿದಾಗ ತೆಗೆದವು ಸೇರಿ ಮುನ್ನೂರಕ್ಕೂ ಜಾಸ್ತಿ ಆಗಿವೆ. ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯ ಕೆಫೆಗಳದ್ದೂ ಇವೆ. ವಿಶ್ವ ಛಾಯಾಗ್ರಹಣ ದಿನವಾದ ಆಗಸ್ಟ್ 19ಕ್ಕೆ ‘ಪ್ರಕೃತಿ ವಿಕೋಪ ಮತ್ತು ನಮ್ಮ ಹೋಟೆಲ್‌ಗಳು’ ಅಂತ ಪ್ರದರ್ಶನ ಮಾಡುವ ಆಸೆ. ಎಷ್ಟು ಫೋಟೊ ಇಡಬೇಕು? ಕೆಳಗೆ ಏನು ಬರೆಯಬೇಕು? ಒಬ್ಬ ಮಾಲೀಕರಂತೂ ‘ಕೆಸರು ತುಂಬಿದ್ದು ತೋರಿಸಿದ್ರ ನಮ್ಮಲ್ಲಿ ಯಾರ್ ಉಣ್ಣಾಕ ಬರ್ತಾರ?’ ಅಂತ ಸಿಟ್ಟಾಗಿದ್ದಾರೆ. ಏನು ಮಾಡಲಿ?
– ಒಬ್ಬ ಓದುಗ, ಬಳ್ಳಾರಿ

ಉತ್ತರ: ತಮ್ಮಾ, ಮೊದಲು ಆ ಮಾಲೀಕರ ಮಾತು ನೋಡೋಣ. ಅವರು ಕೇಳಿದ್ದು ಸರಿಯಾಗಿಯೇ ಇದೆ. ಕುಡಿಯುವ ನೀರಿನ ಕೊಡದ ಪಕ್ಕ ರಾಡಿ ನಿಂತ ಚಿತ್ರವನ್ನು ಗೋಡೆಗೆ ಹಾಕಿದರೆ, ಅದು ಯಾವ ವರ್ಷದ್ದು ಅಂತ ನೋಡಿದವರಿಗೆ ನೆನಪಿರುವುದಿಲ್ಲ. ಹೋಟೆಲಿನ ಹೆಸರು ಮಾತ್ರ ನೆನಪಿರುತ್ತದೆ. ಹಾಗಾಗಿ ಕೆಸರಿನ ಚಿತ್ರವನ್ನು ಒಂದೇ ಇಡಬೇಡಿ. ಅದೇ ಜಾಗದಲ್ಲಿ ನಿಂತು, ಅದೇ ಎತ್ತರದಿಂದ ಇವತ್ತಿನ ಚಿತ್ರ ತೆಗೆದು ಪಕ್ಕಕ್ಕೆ ಇಡಿ. ಎರಡರ ಕೆಳಗೂ ತಿಂಗಳು, ವರ್ಷ ದೊಡ್ಡದಾಗಿ ಬರೆಯಿರಿ. ಪ್ರಿಂಟ್ ಹಾಕಿಸುವ ಮೊದಲು ಅವರ ಹೋಟೆಲಿನಲ್ಲೇ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ಎಲ್ಲವನ್ನೂ ಟೇಬಲ್ ಮೇಲೆ ಹರಡಿ ತೋರಿಸಿ. ಅವರು ಬೇಡ ಅಂದದ್ದನ್ನು ತೆಗೆದುಬಿಡಿ. ಎಷ್ಟೇ ಒಳ್ಳೆಯ ಚಿತ್ರ ಇದ್ದರೂ ವಾದ ಮಾಡಬೇಡಿ. ಅವರ ಅನ್ನದ ಮುಂದೆ ನಮ್ಮ ಫ್ರೇಮ್ ದೊಡ್ಡದಲ್ಲ.

ಅವರು ಬಾಯಿಬಿಟ್ಟು ಹೇಳದ ಇನ್ನೊಂದು ಭಯವೂ ಇರಬಹುದು. ದಂಡೆಯ ಎಷ್ಟೋ ಅಂಗಡಿಗಳಿಗೆ ಜಾಗದ ಕಾಗದ ಸರಿಯಾಗಿ ಇರುವುದಿಲ್ಲ. ನಾಳೆ ನಿಮ್ಮ ಚಿತ್ರವೇ ಒತ್ತುವರಿಗೆ ಸಾಕ್ಷಿ ಆಗಬಾರದು. ಅಂಥ ಕಡೆ ‘ಕಂಪ್ಲಿ ಹತ್ತಿರ’ ಅಂತ ಬರೆದರೆ ಸಾಕು. ಮೊಬೈಲ್‌ನಲ್ಲಿ ತೆಗೆದಿದ್ದರೆ ಫೈಲಿನೊಳಗೆ ಲೊಕೇಶನ್ ಕೂತಿರುತ್ತದೆ. ಯಾರಿಗಾದರೂ ಕಳಿಸುವ ಮೊದಲು ಅದನ್ನು ತೆಗೆಯಿರಿ.

ಈಗ ಹೆಸರಿನ ವಿಷಯ. ‘ಪ್ರಕೃತಿ ವಿಕೋಪ’ ಅಂತ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಂದದ್ದು ನಿಜಕ್ಕೂ ಮಳೆ. ಕೃಷ್ಣಾ, ತುಂಗಭದ್ರಾ, ಹಗರಿ ಎಲ್ಲವೂ ಉಕ್ಕಿದವು. ಮಂತ್ರಾಲಯವೇ ಮುಳುಗಿತು. 2019ರ ಆಗಸ್ಟ್‌ನಲ್ಲಿ ಮೇಲೆ ಮಲೆನಾಡಿನ ಮಳೆ, ಇಲ್ಲಿ ತುಂಬಿದ ಅಣೆಕಟ್ಟು, ಗೇಟುಗಳಿಂದ ಬಿಟ್ಟ ನೀರು, ಮೂರೂ ಸೇರಿದ್ದವು. 2024ರ ಆಗಸ್ಟ್ 10ರ ರಾತ್ರಿಯದ್ದು ಬೇರೆಯೇ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ, ಗೇಟೇ ಕೊಚ್ಚಿಹೋಯಿತು. ಅದನ್ನು ಪ್ರಕೃತಿಯ ತಲೆಗೆ ಕಟ್ಟಿದರೆ ಹೇಗೆ?

ವಿರೂಪಾಪುರ ಗಡ್ಡೆಯ ಚಿತ್ರಗಳಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. 2019ರ ಆಗಸ್ಟ್‌ನಲ್ಲಿ ಗಡ್ಡೆಯ ಸುತ್ತ ನೀರು ನಿಂತು, ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್‌ಗಳಲ್ಲಿ ಹೊರಗೆ ತಂದರು. ಆದರೆ ಅಲ್ಲಿನ ರೆಸಾರ್ಟ್, ಕೆಫೆಗಳನ್ನು ಕೆಡವಿದ್ದು 2020ರ ಮಾರ್ಚ್‌ನಲ್ಲಿ. ಹಂಪಿಯ ಸಂರಕ್ಷಿತ ಪ್ರದೇಶದಲ್ಲಿ ಅವು ಇರುವ ಹಾಗಿಲ್ಲ ಅನ್ನುವ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅದು ನಡೆಯಿತು. ನಡುವೆ ಏಳೇ ತಿಂಗಳು. ನಿಮ್ಮ ಚಿತ್ರದಲ್ಲಿ ಬಿದ್ದ ಗೋಡೆ ಇದ್ದರೆ, ಜೆಸಿಬಿ ಕೆಡವಿದ್ದೋ ನೀರು ಕೆಡವಿದ್ದೋ ಅಂತ ಬರೆಯಲೇಬೇಕು. ತೀರ್ಪು ಸರಿಯೋ ತಪ್ಪೋ ನೀವು ಹೇಳಬೇಕಾಗಿಲ್ಲ. ಕೆಲಸ ಹೋದ ಹುಡುಗರಿಗೆ ಎರಡೂ ಪೆಟ್ಟೇ. ಆದರೂ ಯಾವ ಪೆಟ್ಟು ಯಾವುದು ಅಂತ ನೋಡುವವರಿಗೆ ತಿಳಿಯಬೇಕು. ನನ್ನ ಕೇಳಿದರೆ, ಗಡ್ಡೆಗೆ ಬೇರೆಯೇ ಒಂದು ಗೋಡೆ ಕೊಡಿ.

ನೀವು ಬರೆದದ್ದರಲ್ಲಿ ಒಂದು ಬಿಟ್ಟುಹೋಗಿದೆ. ನೀರೇ ಹೊಗದ ಹೋಟೆಲ್. ನಿಮ್ಮೂರಿನದ್ದೇ ಮಾತು, ನಿಮಗೆ ಗೊತ್ತಿರುತ್ತದೆ. ಕಂಪ್ಲಿ-ಗಂಗಾವತಿ ಸೇತುವೆ ಮುಳುಗಿತು ಅಂದರೆ ಗಾಡಿಗಳು ಬುಕ್ಕಸಾಗರ-ಕಡೇಬಾಗಿಲು ಸೇತುವೆ ಕಡೆ ಸುತ್ತುತ್ತವೆ. ಆಗ ಕಂಪ್ಲಿ-ಗಂಗಾವತಿ ರಸ್ತೆಯ ಹೋಟೆಲ್‌ಗಳಿಗೆ ಹನಿ ನೀರು ತಾಗದಿದ್ದರೂ ಗಿರಾಕಿ ಇಲ್ಲ. ಕಾಸಿದ ಹಾಲು ಉಳಿಯುತ್ತದೆ, ಕಲಸಿದ ಹಿಟ್ಟು ಉಳಿಯುತ್ತದೆ. ಬಸ್ಸಿನವರು ತುಂಬಿರಬೇಕಾದ ಹೊತ್ತಿನಲ್ಲಿ ಕಡಪಾ ಕಲ್ಲಿನ ಬೆಂಚುಗಳು ಖಾಲಿ. ಈ ಚಿತ್ರ ತೆಗೆಯುವವರು ಬಹಳ ಕಡಿಮೆ. ಪ್ರವಾಹ ಅಂದರೆ ಸೊಂಟದುದ್ದ ನೀರು ಅಂತಲೇ ನಮ್ಮ ಕಣ್ಣಿಗೆ ರೂಢಿ ಆಗಿಬಿಟ್ಟಿದೆ. ನಿಮ್ಮ ಹತ್ತಿರ ಇಂಥ ಒಂದೆರಡು ಇದ್ದರೆ ಬಾಗಿಲ ಹತ್ತಿರವೇ ಹಾಕಿ.

ಗೋಡೆಯ ಮೇಲೆ ನೀರು ನಿಂತ ಗುರುತು ಸಿಕ್ಕರೆ ಫ್ಲ್ಯಾಶ್ ಹಾಕಬೇಡಿ, ಕಾಣುವುದಿಲ್ಲ. ಬೆಳಿಗ್ಗೆ ಪಕ್ಕದಿಂದ ಬೀಳುವ ಬಿಸಿಲಲ್ಲಿ ಕೆಸರಿನ ಗೆರೆ ಚೆನ್ನಾಗಿ ಏಳುತ್ತದೆ. ಮಾಲೀಕರನ್ನೋ ಅವರ ಮಗಳನ್ನೋ ಪಕ್ಕ ನಿಲ್ಲಿಸಿ, ಎತ್ತರ ಗೊತ್ತಾಗಲಿ. ದಸರೆಗೆ ಸುಣ್ಣ ಬಳಿದ ಮೇಲೆ ಆ ಗುರುತು ಸಿಗುವುದಿಲ್ಲ.

ಹೋಟೆಲ್ ಶುರು ಮಾಡಿದ ಹಿರಿಯರ ಹಳೆಯ ಫೋಟೊ ದೇವರ ಪಟದ ಪಕ್ಕ ಇದ್ದೇ ಇರುತ್ತದೆ, ಅಲ್ವಾ? ಅದನ್ನೂ ಸೇರಿಸಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. 2009ರಲ್ಲಿ ಗಂಗಾವತಿಯ ನನ್ನ ಸ್ಟುಡಿಯೋಗೆ ಒದ್ದೆ ಆಲ್ಬಂ ಹಿಡಿದು ಬಂದವರು ಬಹಳ ಮಂದಿ. ಪಾತ್ರೆ ಹೋಗಿದ್ದಕ್ಕೆ ಅಳದವರು ಮದುವೆ ಫೋಟೊ ಅಂಟಿಕೊಂಡದ್ದಕ್ಕೆ ಅತ್ತರು. ಹಳೆಯ ಸ್ಟುಡಿಯೋ ಪ್ರಿಂಟ್‌ಗಳ ಮೇಲೆ ಜೆಲಟಿನ್ ಪದರ ಇರುತ್ತದೆ. ನೀರು ಕುಡಿದರೆ ಅದು ಉಬ್ಬಿ ಅಂಟಾಗುತ್ತದೆ, ಒಣಗುತ್ತಾ ಎದುರಿಗಿನ ಗಾಜನ್ನೇ ಹಿಡಿದುಕೊಳ್ಳುತ್ತದೆ. ಹಾಗೆ ಗಾಜಿಗೆ ಅಂಟಿ ಒಣಗಿದ್ದನ್ನು ಕೀಳಲೇಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಕಿಟಕಿ ಹತ್ತಿರ ಇಟ್ಟು, ಬೆಳಕು ಓರೆಯಾಗಿ ಬೀಳುವಂತೆ ಮಾಡಿ, ಕ್ಯಾಮೆರಾವನ್ನು ನೇರ ಹಿಡಿದು ನಕಲು ತೆಗೆಯಿರಿ. ಇನ್ನೂ ಒದ್ದೆ ಇರುವ ಹಳೆಯ ಪ್ರಿಂಟ್ ಸಿಕ್ಕರೆ ತಣ್ಣನೆಯ ಶುದ್ಧ ನೀರಿನ ತಟ್ಟೆಯಲ್ಲಿ ಮೆಲ್ಲಗೆ ತೊಳೆದು, ಮುಖ ಮೇಲೆ ಮಾಡಿ ನೆರಳಲ್ಲಿ ಒಣಗಿಸಿ. ಇಂಕ್‌ಜೆಟ್ ಪ್ರಿಂಟ್ ಆದರೆ ನೀರಿಗೆ ಹಾಕಬೇಡಿ, ಬಣ್ಣ ಹರಿಯುತ್ತದೆ. ಜಪಾನ್‌ನಲ್ಲಿ 2011ರ ಸುನಾಮಿ ಆದ ಮೇಲೆ ಸ್ವಯಂಸೇವಕರು ಕೂತು ಕೆಸರಲ್ಲಿ ಸಿಕ್ಕ ಮನೆಮನೆಯ ಫೋಟೊಗಳನ್ನು ಹೀಗೇ ತೊಳೆದು, ಒಣಗಿಸಿ, ಹುಡುಕಿಕೊಂಡು ಬಂದವರಿಗೆ ಕೊಟ್ಟರು. ನೀವು ನಕಲು ತೆಗೆದ ಪ್ರತಿ ಹಳೆಯ ಚಿತ್ರದ ಒಂದು ಪ್ರಿಂಟ್ ಆ ಮನೆಗೆ ಹೋಗಬೇಕು. ಪ್ರದರ್ಶನಕ್ಕಿಂತ ಮೊದಲೇ.

ಸಂಖ್ಯೆ: ಇಪ್ಪತ್ತೈದು ದಾಟಬೇಡಿ. ಅಳತೆ 12×18 ಇಂಚು, ಮ್ಯಾಟ್ ಕಾಗದ. ಹೊಳೆಯುವ ಕಾಗದದಲ್ಲಿ ಟ್ಯೂಬ್‌ಲೈಟ್ ಮಾತ್ರ ಕಾಣುತ್ತದೆ. ಆ ಅಳತೆಗೆ ಫೈಲ್ ಕನಿಷ್ಠ 2400×3600 ಪಿಕ್ಸೆಲ್ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಚಿತ್ರದ ನಡುಭಾಗ ನೆಲದಿಂದ ಐದಡಿಗಿಂತ ಒಂಚೂರು ಕೆಳಗೆ ಬಂದರೆ ಎಲ್ಲರಿಗೂ ಅನುಕೂಲ. ಚಿತ್ರದ ಕೆಳಗೆ ಮೂರು ಸಾಲು ಸಾಕು: ಎಲ್ಲಿ, ಯಾವಾಗ, ಯಾಕೆ ಹೀಗಾಯಿತು. ‘ಜೀವನ ಹೋರಾಟ’ ಅಂತೆಲ್ಲ ಬರೆಯಬೇಡಿ. ಮತ್ತೆ ತೆರೆಯಲು ಎಷ್ಟು ದಿನ ಹಿಡಿಯಿತು, ಸಾಲ ಎಲ್ಲಿಂದ ತಂದರು ಅಂತ ಮಾಲೀಕರೇ ಹೇಳಿದ್ದರೆ, ಅವರ ಮಾತಲ್ಲೇ ಬರೆಯಿರಿ.

ಆಗಸ್ಟ್ ಬೇಡ ಅನಿಸುತ್ತದೆ. ಅಣೆಕಟ್ಟು ತುಂಬುವ ತಿಂಗಳು ಅದು. ನಿಮ್ಮ ಚಿತ್ರದಲ್ಲಿರುವವರು ಆ ದಿನಗಳಲ್ಲಿ ಹೊಳೆ ನೋಡುತ್ತಾ ಕೂತಿರುತ್ತಾರೆ, ಬಳ್ಳಾರಿಗೆ ಬರುವುದು ಹೇಗೆ? ದೀಪಾವಳಿ ಮುಗಿಯಲಿ. ಮೊದಲು ಕಂಪ್ಲಿಯಲ್ಲೇ ಒಂದು ದಿನ ಇಡಿ, ಆಮೇಲೆ ಬಳ್ಳಾರಿಯ ರಾಘವ ಕಲಾಮಂದಿರದಲ್ಲೋ ಕೊಪ್ಪಳದ ಸಾಹಿತ್ಯ ಭವನದಲ್ಲೋ ಜಾಗ ಕೇಳಿ ನೋಡಿ. ಉದ್ಘಾಟನೆಗೆ ದೊಡ್ಡವರನ್ನು ಹುಡುಕುವ ಬದಲು ಆ ಸಿಟ್ಟಾದ ಮಾಲೀಕರನ್ನೇ ಕರೆಯಿರಿ. ಚಹಾದ ಆರ್ಡರ್ ಕೂಡ ಅವರಿಗೇ ಕೊಡಿ, ದುಡ್ಡು ಮುಂಗಡವಾಗಿ.

ಪ್ರಶ್ನೆ: ಫೋಟೊ ಪ್ರಿಂಟ್‌ಗೆ ಖರ್ಚು ಜಾಸ್ತಿ. ಪ್ರದರ್ಶನಕ್ಕೆ ಫ್ಲೆಕ್ಸ್ ಆಗುತ್ತದಾ?
– ಓದುಗರು, ಸಿಂಧನೂರು

ಉತ್ತರ: ಬಯಲಲ್ಲಿ, ದೂರದಿಂದ ನೋಡುವುದಾದರೆ ಆಗುತ್ತದೆ. ಕೋಣೆಯೊಳಗೆ ಹತ್ತಿರ ನಿಂತು ನೋಡುವಾಗ ಮುಖಗಳು ಚುಕ್ಕೆಚುಕ್ಕೆಯಾಗಿ ಒಡೆಯುತ್ತವೆ. ಪ್ರಿಂಟ್ ಸಂಖ್ಯೆ ಅರ್ಧಕ್ಕೆ ಇಳಿಸಿ, ಒಳ್ಳೆಯ ಕಾಗದಕ್ಕೆ ಹಾಕಿಸಿ, ಸನ್‌ಬೋರ್ಡ್ ಅನ್ನುವ ಫೋಮ್ ಹಲಗೆಗೆ ಅಂಟಿಸಿ. ಗಾಜು, ಕಟ್ಟು ಬೇಕಿಲ್ಲ. ಊರೂರಿಗೆ ಬಸ್ಸಿನಲ್ಲಿ ಒಯ್ಯುವುದಕ್ಕೂ ಹಗುರ.